ಮೀಟಿಂಗ್‌ನಲ್ಲಿ ನಿಂತು ಮಾತಾಡಲು: ಹತ್ತು ನಿಮಿಷದ ಪ್ರೆಸೆಂಟೇಷನ್‌ಗೆ ಒಂದು ವಾರದ ತಯಾರಿ

ಮುಂದಿನ ಸೋಮವಾರದ ರಿವ್ಯೂ ಮೀಟಿಂಗ್‌ನಲ್ಲಿ ಹತ್ತು ನಿಮಿಷ ನೀವೇ ಮಾತಾಡಿ ಎಂದು ಮ್ಯಾನೇಜರ್ ಹೇಳಿದ ಕೂಡಲೇ ಹೆಚ್ಚಿನವರು ಲ್ಯಾಪ್‌ಟಾಪ್ ತೆರೆದು ಸ್ಲೈಡ್ ಮಾಡಲು ಕೂರುತ್ತಾರೆ. ಬಣ್ಣ, ಬಾಣದ ಗುರುತು, ಅಕ್ಷರದ ಗಾತ್ರ ಎಂದು ಭಾನುವಾರ ರಾತ್ರಿ ಹನ್ನೊಂದರವರೆಗೂ ತಿದ್ದುತ್ತಾರೆ. ಸ್ಲೈಡ್ ಚೆನ್ನಾಗಿಯೇ ಬರುತ್ತದೆ. ಆದರೆ ಹೇಳಬೇಕಾದ ಮಾತು ಅಷ್ಟು ಹೊತ್ತಿಗೆ ಒಂದು ಸಲವೂ ಬಾಯಿಂದ ಹೊರಗೆ ಬಂದಿರುವುದಿಲ್ಲ. ಮರುದಿನ ಎಲ್ಲರ ಎದುರಲ್ಲೇ ಅದರ ಮೊದಲ ಪ್ರಯೋಗ ನಡೆಯುತ್ತದೆ. ನಾಲಿಗೆ ತಡವರಿಸುತ್ತದೆ, ಗಂಟಲು ಒಣಗುತ್ತದೆ, "ನನಗೆ ಸ್ಟೇಜ್ ಫಿಯರ್" ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ.

ಅದೇ ವ್ಯಕ್ತಿ ಕ್ಯಾಂಟೀನಿನಲ್ಲಿ ಅದೇ ವಿಷಯವನ್ನು ಸಹೋದ್ಯೋಗಿಗೆ ಸಲೀಸಾಗಿ ವಿವರಿಸುತ್ತಿರುತ್ತಾರೆ. ವಿಷಯ ಗೊತ್ತಿದೆ, ಮಾತೂ ಬರುತ್ತದೆ. ಇವೆರಡನ್ನೂ ಹೊಂದಿಸುವ ಅಭ್ಯಾಸವೊಂದು ಆಗಿರುವುದಿಲ್ಲ, ಅಷ್ಟೇ. ಈ ಲೇಖನದ ಕ್ರಮ ಆ ಅಭ್ಯಾಸಕ್ಕಾಗಿ: ಮೊದಲು ಬಾಯಿಯ ತಯಾರಿ, ಆಮೇಲೆ ಸ್ಲೈಡಿನ ತಯಾರಿ. ದಿನಕ್ಕೆ ಮುಕ್ಕಾಲು ಗಂಟೆಯಂತೆ ಐದು ದಿನ ಸಾಕು.

ವಿವರಿಸಲು ಅನುಕೂಲವಾಗಲಿ ಎಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪೀಣ್ಯದ ಒಂದು ಬಿಡಿಭಾಗ ಕಾರ್ಖಾನೆಯ ಶಿಫ್ಟ್ ಸೂಪರ್‌ವೈಸರ್ ಮಾತಾಡಬೇಕಾಗಿದೆ. ಮೂರನೇ ಲೈನ್‌ನಲ್ಲಿ ತಿಂಗಳಿಗೆ 12,000 ಪೀಸ್ ತಯಾರಾಗುತ್ತವೆ. ರಿಜೆಕ್ಷನ್ ಶೇ. 2ರಿಂದ ಶೇ. 3.5ಕ್ಕೆ ಏರಿದೆ, ಅಂದರೆ 240 ಇದ್ದದ್ದು 420 ಆಗಿದೆ. ಒಂದು ಪೀಸಿಗೆ ₹350ರಂತೆ ಹೆಚ್ಚುವರಿ ನಷ್ಟ ₹63,000. ಟೂಲ್ ಖರ್ಚು ಉಳಿಸಲೆಂದು ಇನ್ಸರ್ಟಿನ (ಲೋಹ ಕತ್ತರಿಸುವ ಟೂಲಿನ ತುದಿಗೆ ಕೂರಿಸುವ ಚಿಕ್ಕ ಬಿಲ್ಲೆ) ಅಂಚನ್ನು 250 ಪೀಸಿಗೊಮ್ಮೆ ಬದಲಾಯಿಸುವ ಬದಲು 400ಕ್ಕೊಮ್ಮೆ ಬದಲಾಯಿಸಿದ್ದೇ ಇದಕ್ಕೆ ಕಾರಣ. ಸವೆದ ಅಂಚು ಕಡಿಮೆ ಕೆರೆಯುವುದರಿಂದ ಪೀಸಿನ ಹೊರವ್ಯಾಸ ಅಳತೆ ಮೀರುತ್ತದೆ.

ಮೊದಲ ದಿನ: ಒಂದು ವಾಕ್ಯ ಬರೆಯಿರಿ

ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಮಾತು ಮುಗಿದ ಮೇಲೆ ಎದುರಿಗಿರುವವರು ಏನು ಮಾಡಬೇಕು? ಒಪ್ಪಿಗೆ ಕೊಡಬೇಕೆ, ದುಡ್ಡು ಮಂಜೂರು ಮಾಡಬೇಕೆ, ಎರಡರಲ್ಲಿ ಒಂದನ್ನು ಆರಿಸಬೇಕೆ, ಅಥವಾ ಬರೀ ತಿಳಿದುಕೊಂಡರೆ ಸಾಕೆ? ಉತ್ತರವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಅದು ಹೀಗಿರುತ್ತದೆ: "ಮೂರನೇ ಲೈನ್‌ನಲ್ಲಿ ಇನ್ಸರ್ಟ್ ಅಂಚನ್ನು ಮತ್ತೆ 250 ಪೀಸಿಗೊಮ್ಮೆ ಬದಲಾಯಿಸಲು ಒಪ್ಪಿಗೆ ಬೇಕು." "ರಿಜೆಕ್ಷನ್ ಬಗ್ಗೆ ಮಾಹಿತಿ ನೀಡುವುದು" ಎಂದು ಬರೆದರೆ ಅದು ವಿಷಯದ ಹೆಸರಾಯಿತು, ಉತ್ತರ ಆಗಲಿಲ್ಲ. ಈ ವಾಕ್ಯ ಕೈಗೆ ಸಿಗದಿದ್ದರೆ ಮುಂದಿನ ಯಾವ ಹೆಜ್ಜೆಯೂ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಮೊದಲ ದಿನವನ್ನು ಪೂರ್ತಿ ಇದಕ್ಕೇ ಕೊಟ್ಟರೂ ನಷ್ಟವಿಲ್ಲ.

ವಾಕ್ಯ ಸಿಕ್ಕ ಮೇಲೆ ಅದರ ಕೆಳಗೆ ಮೂರು ತಲೆಬರಹ ಹಾಕಿ: ಏನಾಗಿದೆ, ಏಕೆ ಆಗಿದೆ, ಏನು ಬೇಕು. ಪ್ರತಿಯೊಂದರ ಕೆಳಗೂ ಮೂರಕ್ಕಿಂತ ಹೆಚ್ಚು ಅಂಶ ಬೇಡ. ನಿಮಗೆ ಗೊತ್ತಿರುವುದನ್ನೆಲ್ಲ ತುಂಬಬೇಕೆಂಬ ಆಸೆ ಬರುತ್ತದೆ. ವರ್ಷಗಟ್ಟಲೆ ಆ ಲೈನ್ ನೋಡಿಕೊಂಡವರಿಗೆ ಎಲ್ಲವೂ ಮುಖ್ಯವೆಂದೇ ಕಾಣುತ್ತದೆ. ಉಳಿದದ್ದನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಪ್ರಶ್ನೋತ್ತರದ ಹೊತ್ತಿಗೆ ಬೇಕಾಗುತ್ತದೆ.

ಸಮಯದ ಲೆಕ್ಕವನ್ನೂ ಈಗಲೇ ಹಾಕಿ. ಹತ್ತು ನಿಮಿಷ ಕೊಟ್ಟಿದ್ದರೆ ಏಳು ನಿಮಿಷದ ಮಾತು ತಯಾರಿಸಿ, ಮೂರು ನಿಮಿಷ ಪ್ರಶ್ನೆಗೆ ಬಿಡಿ. ಆ ಏಳರಲ್ಲಿ ಆರಂಭಕ್ಕೆ ಒಂದು, ಏನಾಗಿದೆ ಎಂಬುದಕ್ಕೆ ಎರಡು, ಏಕೆ ಎಂಬುದಕ್ಕೆ ಎರಡೂವರೆ, ಬೇಡಿಕೆಗೆ ಒಂದು, ಮುಕ್ತಾಯಕ್ಕೆ ಅರ್ಧ. ಹತ್ತಕ್ಕೆ ಹತ್ತನ್ನೂ ತುಂಬಿಕೊಂಡು ಹೋದವರ ಮಾತು ಕೊನೆಯಲ್ಲಿ ಓಡತೊಡಗುತ್ತದೆ. ಬೇಡಿಕೆ ಇರುವುದೂ ಕೊನೆಯಲ್ಲೇ, ಹಾಗಾಗಿ ಹಾಳಾಗುವುದೂ ಅದೇ.

ಕೊನೆಗೆ, ಕೋಣೆಯಲ್ಲಿ ಯಾರ್‍ಯಾರು ಇರುತ್ತಾರೆ ಎಂದು ಪಟ್ಟಿ ಮಾಡಿ ಒಬ್ಬೊಬ್ಬರ ಹೆಸರಿನ ಮುಂದೆ ಒಂದೊಂದು ಪ್ರಶ್ನೆ ಬರೆಯಿರಿ. ಅಕೌಂಟ್ಸ್‌ನವರು ಖರ್ಚು ಕೇಳುತ್ತಾರೆ. ಕ್ವಾಲಿಟಿಯವರು ಕಾರಣ ಇದೇ ಎಂಬುದಕ್ಕೆ ಪುರಾವೆ ಕೇಳುತ್ತಾರೆ. ಜನರಲ್ ಮ್ಯಾನೇಜರ್, ಇದು ಯಾವಾಗ ಸರಿಹೋಗುತ್ತದೆ ಎನ್ನುತ್ತಾರೆ. ಈ ಮೂರಕ್ಕೂ ಉತ್ತರ ಮಾತಿನೊಳಗೇ ಬಂದುಬಿಟ್ಟರೆ ಅರ್ಧ ಭಯ ಅಲ್ಲೇ ಕರಗುತ್ತದೆ.

ಎರಡನೇ ದಿನ: ಸ್ಲೈಡ್ ಮುಚ್ಚಿಟ್ಟು ಬಾಯಿ ತೆರೆಯಿರಿ

ಕೋಣೆಯ ಬಾಗಿಲು ಹಾಕಿ, ಎದ್ದು ನಿಂತು, ಫೋನಿನ ವಾಯ್ಸ್ ರೆಕಾರ್ಡರ್ ಆನ್ ಮಾಡಿ. ಮೂರು ತಲೆಬರಹ ಮಾತ್ರ ಎದುರಿಗಿರಲಿ. ವಿಷಯ ಗೊತ್ತಿಲ್ಲದ ಸಹೋದ್ಯೋಗಿಗೆ ಹೇಳುವಂತೆ ಶುರುವಿಂದ ಕೊನೆಯವರೆಗೆ ಹೇಳಿ. ಮೊದಲ ಸಲ ಮೂರೇ ನಿಮಿಷಕ್ಕೆ ಮುಗಿಯಬಹುದು, ಹದಿನೈದಾದರೂ ಆಗಬಹುದು. ನಡುವೆ ನಿಲ್ಲಿಸಿ ಸರಿಮಾಡಲು ಹೋಗಬೇಡಿ.

ಆಮೇಲೆ ಅದನ್ನು ಕೇಳಿ. ತಮ್ಮ ದನಿ ತಮಗೇ ವಿಚಿತ್ರವಾಗಿ ಕೇಳುವುದು ಎಲ್ಲರಿಗೂ ಆಗುವ ಅನುಭವ. ಮಾತಾಡುವಾಗ ನಮ್ಮ ದನಿ ಗಾಳಿಯ ಜೊತೆಗೆ ತಲೆಬುರುಡೆಯ ಮೂಳೆಯ ಮೂಲಕವೂ ನಮ್ಮ ಕಿವಿಗೆ ತಲುಪುತ್ತದೆ, ಅದಕ್ಕೇ ತುಂಬಿದಂತೆ ಕೇಳುತ್ತದೆ. ರೆಕಾರ್ಡಿಂಗ್‌ನಲ್ಲಿ ಆ ಭಾಗ ಇರುವುದಿಲ್ಲ. ಬೇರೆಯವರು ದಿನಾ ಕೇಳುವುದು ರೆಕಾರ್ಡಿಂಗ್‌ನಲ್ಲಿರುವ ದನಿಯನ್ನೇ. ಅವರಿಗೆ ಅದು ರೂಢಿಯಾಗಿದೆ.

ಕೇಳುವಾಗ ಎಲ್ಲಿ ಸಲೀಸಾಗಿ ಹರಿಯಿತು, ಎಲ್ಲಿ ಸಿಕ್ಕಿಕೊಂಡಿತು ಎಂದು ಗುರುತಿಸಿ. ಸಿಕ್ಕಿಕೊಂಡ ಜಾಗದಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ಕಾರಣ ಇರುತ್ತದೆ: ವಿಷಯ ನಿಮಗೇ ಪೂರ್ತಿ ತಿಳಿದಿಲ್ಲ, ಅಥವಾ ಎರಡು ವಿಷಯ ಒಂದೇ ವಾಕ್ಯದಲ್ಲಿ ಸೇರಿಕೊಂಡಿದೆ.

ಈಗ ಒಂದು ಕಾರ್ಡ್ ಮಾಡಿಕೊಳ್ಳಿ. ಅಂಗೈಯಲ್ಲಿ ಹಿಡಿಸುವ ದಪ್ಪ ರಟ್ಟು ಇರಲಿ. ಮದುವೆ ಕರೆಯೋಲೆಯ ಹಿಂಬದಿಯೂ ನಡೆಯುತ್ತದೆ. ಅದರ ಮೇಲೆ ಐದಾರು ಸಾಲು, ಸಾಲಿಗೆ ಎರಡು ಮೂರು ಪದ, ಮತ್ತು ಮರೆತುಹೋಗಬಹುದಾದ ಅಂಕಿಗಳು. ಪೂರ್ತಿ ವಾಕ್ಯ ಬರೆಯಬೇಡಿ. ತೆಳು ಹಾಳೆಯೂ ಬೇಡ. ಎ4 ಹಾಳೆ ಕೈಯ ಸಣ್ಣ ನಡುಕವನ್ನೂ ದೊಡ್ಡದು ಮಾಡಿ ಇಡೀ ಕೋಣೆಗೆ ತೋರಿಸುತ್ತದೆ, ಸದ್ದೂ ಮಾಡುತ್ತದೆ. ರಟ್ಟು ಅಲುಗುವುದಿಲ್ಲ.

ಇಡೀ ಭಾಷಣ ಬರೆದು ಬಾಯಿಪಾಠ ಮಾಡಿದರೆ ಆಗದೇ? ಹೆಚ್ಚಿನವರಿಗೆ ಅದರಿಂದ ತೊಂದರೆಯೇ ಜಾಸ್ತಿ. ಬಾಯಿಪಾಠ ಸರಪಳಿಯಂತೆ, ಒಂದು ಕೊಂಡಿ ಬಿಟ್ಟರೆ ಮುಂದಿನದು ಸಿಗುವುದಿಲ್ಲ. ಬರೆಯುವ ಕನ್ನಡವೂ ಆಡುವ ಕನ್ನಡವೂ ಬೇರೆಬೇರೆ ಎಂಬುದು ಇನ್ನೊಂದು ತೊಡಕು. ಪೆನ್ನು ಹಿಡಿದರೆ "ಕ್ರಮ ಕೈಗೊಳ್ಳಲಾಗಿರುತ್ತದೆ" ಎಂದು ಬರುತ್ತದೆ. ಅದನ್ನೇ ಬಾಯಲ್ಲಿ ಹೇಳಿದರೆ ಸುತ್ತೋಲೆ ಓದಿದಂತಾಗುತ್ತದೆ. ಬಾಯಿಪಾಠ ಮಾಡಬೇಕಾದದ್ದು ಎರಡೇ: ಮೊದಲ ಅರ್ಧ ನಿಮಿಷ ಮತ್ತು ಕೊನೆಯ ಎರಡು ವಾಕ್ಯ.

ಕ್ರಿಯಾಪದ ನುಂಗಬೇಡಿ

ಇಂಗ್ಲಿಷಿನಿಂದ ಬಂದ ಭಾಷಣ ಕಲೆಯ ಪಾಠಗಳಲ್ಲಿ ಸಿಗದ, ಕನ್ನಡದಲ್ಲಿ ಮಾತಾಡುವವರಿಗೆ ತೀರಾ ಮುಖ್ಯವಾದ ಒಂದು ವಿಷಯ ಇಲ್ಲಿದೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಆಯಿತೋ ಇಲ್ಲವೋ, ಏರಿತೋ ಇಳಿಯಿತೋ, ಬೇಕೋ ಬೇಡವೋ ಎಂಬುದೆಲ್ಲ ತಿಳಿಯುವುದು ಕೊನೆಯ ಪದದಲ್ಲಿ, ಎಷ್ಟೋ ಸಲ ಆ ಪದದ ಕೊನೆಯ ಅಕ್ಷರಗಳಲ್ಲಿ. "ಮುಗಿದಿದೆ", "ಮುಗಿದಿಲ್ಲ" ಇವೆರಡರ ನಡುವಿನ ವ್ಯತ್ಯಾಸ ಬಾಲದಲ್ಲಿದೆ. ಉಸಿರು ಕಡಿಮೆಯಾದಾಗ, ಅಳುಕಿದಾಗ, ದನಿ ಮೊದಲು ಬೀಳುವುದೂ ವಾಕ್ಯದ ಕೊನೆಯಲ್ಲೇ. ಹಾಗಾಗಿ ಹೆದರಿ ಮಾತಾಡುವ ಕನ್ನಡಿಗರ ಮಾತಿನಲ್ಲಿ ಕೇಳುಗರಿಗೆ ಎಲ್ಲವೂ ಕೇಳಿಸಿ, ಬೇಕಾದದ್ದೊಂದೇ ಕೇಳಿಸುವುದಿಲ್ಲ. ಹಿಂದಿನ ಸಾಲಿನವರು ಪಕ್ಕದವರ ಕಡೆ ತಿರುಗಿ "ಆಗಿದೆ ಅಂದ್ರಾ, ಆಗಿಲ್ಲ ಅಂದ್ರಾ?" ಎಂದು ಕೇಳುವುದು ಇದಕ್ಕೇ.

ಇದಕ್ಕೆ ಎರಡು ಮದ್ದು. ಮೊದಲನೆಯದು ವಾಕ್ಯ ಚಿಕ್ಕದು ಮಾಡುವುದು. ಈ ವಾಕ್ಯ ನೋಡಿ: "ಕಳೆದ ತಿಂಗಳಿಗೆ ಹೋಲಿಸಿದರೆ ಮೂರನೇ ಲೈನ್‌ನಲ್ಲಿ ಟೂಲ್ ಬದಲಾವಣೆಯ ಅವಧಿಯನ್ನು ವಿಸ್ತರಿಸಿರುವ ಕಾರಣದಿಂದಾಗಿ ಈ ತಿಂಗಳು ರಿಜೆಕ್ಷನ್ ಪ್ರಮಾಣವು ಶೇ. 2ರಿಂದ ಶೇ. 3.5ಕ್ಕೆ ಏರಿಕೆಯಾಗಿರುತ್ತದೆ." ಕೇಳುವವರು ಇಷ್ಟನ್ನೂ ತಲೆಯಲ್ಲಿ ಹೊತ್ತುಕೊಂಡು ಕೊನೆಯ ಪದಕ್ಕಾಗಿ ಕಾಯಬೇಕು. ಅದನ್ನೇ ಹೀಗೆ ಹೇಳಿ: "ಮೂರನೇ ಲೈನ್‌ನಲ್ಲಿ ರಿಜೆಕ್ಷನ್ ಏರಿದೆ. ಹೋದ ತಿಂಗಳು ನೂರಕ್ಕೆ ಎರಡು ಪೀಸ್ ಹೋಗುತ್ತಿತ್ತು. ಈ ತಿಂಗಳು ಮೂರೂವರೆ. ಕಾರಣ ಒಂದೇ, ಟೂಲ್ ತಡವಾಗಿ ಬದಲಾಯಿಸುತ್ತಿದ್ದೇವೆ." ಒಂದು ಉಸಿರಿಗೆ ಒಂದು ವಾಕ್ಯ ಎಂಬುದು ಒಳ್ಳೆಯ ಅಳತೆ.

ಎರಡನೆಯದು ದನಿಯ ಅಭ್ಯಾಸ. ಹತ್ತು ವಾಕ್ಯ ಬರೆದು ಪ್ರತಿಯೊಂದರ ಕೊನೆಯ ಪದದ ಕೆಳಗೆ ಗೆರೆ ಎಳೆಯಿರಿ. ಗೆರೆ ಎಳೆದ ಪದವನ್ನು ಉಳಿದ ಪದಗಳಷ್ಟೇ ಗಟ್ಟಿಯಾಗಿ, ತುಸು ನಿಧಾನವಾಗಿ ಹೇಳಿ, ಬಾಯಿ ಮುಚ್ಚಿ, ಒಂದು ಎಣಿಸಿ, ಮುಂದಿನದಕ್ಕೆ ಹೋಗಿ. ನಾಲ್ಕು ದಿನ ಐದೈದು ನಿಮಿಷ ಮಾಡಿದರೆ ರೆಕಾರ್ಡಿಂಗ್‌ನಲ್ಲಿ ವ್ಯತ್ಯಾಸ ಕೇಳಿಸುತ್ತದೆ.

ಅಂಕಿಗಳಿಗೂ ಹೀಗೇ ಎಚ್ಚರಿಕೆ ಬೇಕು. ಸ್ಲೈಡಿನಲ್ಲಿ 3,24,76,000 ಎಂದಿರಲಿ. ಬಾಯಲ್ಲಿ "ಸುಮಾರು ಮೂರೂಕಾಲು ಕೋಟಿ" ಎನ್ನಿ. ವಿದೇಶಿ ತಂಡದವರು ಕಾಲ್‌ನಲ್ಲಿದ್ದರೆ ಅದು 32.5 ಮಿಲಿಯನ್ ಎಂದು ಮೊದಲೇ ಕಾರ್ಡಿನಲ್ಲಿ ಬರೆದುಕೊಂಡಿರಿ. ನಿಂತಲ್ಲೇ ಲಕ್ಷವನ್ನು ಮಿಲಿಯನ್ ಮಾಡಲು ಹೋದಾಗ ಒಂದು ಸೊನ್ನೆ ಜಾರುವುದು ಸರ್ವೇಸಾಮಾನ್ಯ.

ಮೂರನೇ ದಿನ: ಈಗ ಸ್ಲೈಡ್

ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿ ಆ ಪದ್ಯವನ್ನೇ ಮತ್ತೆ ಒಪ್ಪಿಸುವುದಿಲ್ಲ, ಅದರ ಒಳಗಿನ ವಾದವನ್ನು ತನ್ನ ಮಾತಿನಲ್ಲಿ ಬಿಡಿಸಿ ಇಡುತ್ತಾನೆ. ಪದ್ಯ ನಿಶ್ಚಿತ, ಅರ್ಥ ಆ ಹೊತ್ತಿನದು. ಸ್ಲೈಡ್ ಎಂದರೆ ಪದ್ಯ. ನೀವು ಹೇಳುವುದು ಅರ್ಥ. ಸ್ಲೈಡಿನಲ್ಲಿರುವ ಸಾಲನ್ನೇ ಓದಿದರೆ ಅರ್ಥ ಹೇಳುವ ಕೆಲಸ ಆಗಲೇ ಇಲ್ಲ. ಕೇಳುವವರು ನಿಮಗಿಂತ ಬೇಗ ಕಣ್ಣಲ್ಲಿ ಓದಿ ಮುಗಿಸಿ ಫೋನ್ ನೋಡುತ್ತಾರೆ.

ಏಳು ನಿಮಿಷಕ್ಕೆ ನಾಲ್ಕೈದು ಸ್ಲೈಡ್ ಸಾಕು. ತಲೆಬರಹ ಪೂರ್ತಿ ವಾಕ್ಯವಾಗಿರಲಿ. "ರಿಜೆಕ್ಷನ್ ವಿಶ್ಲೇಷಣೆ" ಎಂದು ಬರೆಯುವ ಬದಲು "300 ಪೀಸ್ ದಾಟಿದ ಮೇಲೆ ಹೊರವ್ಯಾಸ ದೊಡ್ಡದಾಗುತ್ತಿದೆ" ಎಂದು ಬರೆದರೆ ತಡವಾಗಿ ಬಂದವರಿಗೂ ವಿಷಯ ಸಿಗುತ್ತದೆ. ಕೆಳಗೆ ಒಂದು ಗ್ರಾಫ್ ಅಥವಾ ಒಂದು ಫೋಟೊ. ಅಕ್ಷರದ ಗಾತ್ರ 28ಕ್ಕಿಂತ ಕಡಿಮೆ ಬೇಡ. ಒತ್ತಕ್ಷರ, ಗುಣಿತಗಳಿರುವ ಕನ್ನಡ ಲಿಪಿ ಚಿಕ್ಕದಾದರೆ ಪ್ರೊಜೆಕ್ಟರ್ ಬೆಳಕಿನಲ್ಲಿ ಕಲಸಿಹೋಗುತ್ತದೆ. ಎಕ್ಸೆಲ್ ಕೋಷ್ಟಕವನ್ನು ಹಾಗೇ ತಂದು ಅಂಟಿಸುವುದು ದೊಡ್ಡ ತಪ್ಪು. ಇಪ್ಪತ್ತು ಸಾಲಿನಲ್ಲಿ ನಿಮಗೆ ಬೇಕಾದ ಎರಡು ಅಂಕಿ ಮಾತ್ರ ತೋರಿಸಿ, ಉಳಿದದ್ದು ಮೇಲ್‌ನಲ್ಲಿ ಹೋಗಲಿ.

ಕನ್ನಡ ಸ್ಲೈಡ್ ಮಾಡುವವರು ಗಮನಿಸಲೇಬೇಕಾದದ್ದು ಫಾಂಟ್. ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಅವು ಕನ್ನಡ ಅಕ್ಷರದ ಆಕಾರವನ್ನು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂರಿಸಿದ ಫಾಂಟ್‌ಗಳಾದ್ದರಿಂದ ಹೀಗಾಗುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ವಿಂಡೋಸ್‌ನ ತುಂಗಾ, ನಿರ್ಮಲಾ ಯುಐ, ಅಥವಾ ನೋಟೊ ಸ್ಯಾನ್ಸ್ ಕನ್ನಡ ಬಳಸಬಹುದು. ಇದರ ಜೊತೆಗೆ ಒಂದು ಪಿಡಿಎಫ್ ಪ್ರತಿ ಮಾಡಿ ಪೆನ್‌ಡ್ರೈವ್‌ಗೂ ನಿಮ್ಮದೇ ಮೇಲ್‌ಗೂ ಹಾಕಿಕೊಳ್ಳಿ. ಪಿಡಿಎಫ್‌ನಲ್ಲಿ ಅಕ್ಷರ ಕೆಡುವುದಿಲ್ಲ.

ನಾಲ್ಕು, ಐದನೇ ದಿನ: ಐದು ಸುತ್ತು

ಮೊದಲ ಸುತ್ತು ಕೂತು, ಕಾರ್ಡ್ ನೋಡಿಕೊಂಡು, ನಿಧಾನವಾಗಿ. ಎರಡನೆಯದು ನಿಂತುಕೊಂಡು. ಮೂರನೆಯದು ಸ್ಲೈಡ್ ಬದಲಾಯಿಸುತ್ತಾ, ಗಡಿಯಾರ ಇಟ್ಟುಕೊಂಡು, ರೆಕಾರ್ಡ್ ಮಾಡಿ. ಇಷ್ಟು ಒಂದು ದಿನಕ್ಕೆ. ರಾತ್ರಿ ನಿದ್ದೆ ಮಾಡಿ. ಮರುದಿನ ನಾಲ್ಕನೆಯದನ್ನು ಒಬ್ಬ ಮನುಷ್ಯರ ಮುಂದೆ ಮಾಡಿ. ಹೆಂಡತಿ, ಗಂಡ, ಅಣ್ಣ, ರೂಮ್‌ಮೇಟ್ ಯಾರಾದರೂ ಆದೀತು, ವಿಷಯ ಗೊತ್ತಿಲ್ಲದವರಾದರೆ ಇನ್ನೂ ಒಳ್ಳೆಯದು. ಮುಗಿದ ಮೇಲೆ "ಹೇಗಿತ್ತು?" ಎಂದು ಕೇಳಬೇಡಿ, "ಚೆನ್ನಾಗಿತ್ತು" ಎಂದುಬಿಡುತ್ತಾರೆ. "ನಾನು ಏನು ಕೇಳಿಕೊಂಡೆ?" ಎಂದು ಕೇಳಿ. ಮೊದಲ ದಿನ ಬರೆದ ವಾಕ್ಯ ಅವರ ಬಾಯಿಂದ ಬಂದರೆ ಮಾತು ತಲುಪಿದೆ. ಐದನೆಯ ಸುತ್ತನ್ನು ಸಾಧ್ಯವಾದರೆ ಅದೇ ಮೀಟಿಂಗ್ ರೂಮಿನಲ್ಲಿ, ಸಂಜೆ ಎಲ್ಲರೂ ಹೋದ ಮೇಲೆ ಮಾಡಿ.

ರೆಕಾರ್ಡಿಂಗ್ ಕೇಳುವಾಗ ಮೂರನ್ನು ಮಾತ್ರ ಗಮನಿಸಿ. ಒಂದು, ವಾಕ್ಯದ ಕೊನೆ ಕೇಳಿಸುತ್ತಿದೆಯೇ. ಎರಡು, ವೇಗ. ಇಂಗ್ಲಿಷಿನಲ್ಲಿ ನಿಮಿಷಕ್ಕೆ 130ರಿಂದ 150 ಪದ ಹಿತವಾದ ವೇಗ ಎನ್ನುತ್ತಾರೆ. ಆ ಲೆಕ್ಕ ಕನ್ನಡಕ್ಕೆ ಹೊಂದದು, ವಿಭಕ್ತಿ ಪ್ರತ್ಯಯಗಳೆಲ್ಲ ಅಂಟಿಕೊಂಡು ನಮ್ಮ ಪದಗಳು ಉದ್ದವಾಗುತ್ತವೆ. ರೆಕಾರ್ಡಿಂಗ್‌ನ ಒಂದು ನಿಮಿಷವನ್ನು ಬರೆದು ಎಣಿಸಿ. ನೂರರ ಆಸುಪಾಸು ಇದ್ದರೆ ಕೇಳುವವರಿಗೆ ಸುಖ. ಮೂರು, ತುಂಬುಪದಗಳು: ಅಂದ್ರೆ, ಅದೇನಂದ್ರೆ, ಮತ್ತೆ, ಸೋ, ಬೇಸಿಕಲಿ, ಅಲ್ವಾ. ಒಂದು ನಿಮಿಷದಲ್ಲಿ ಎಷ್ಟು ಸಲ ಬಂತು ಎಂದು ಗೀಟು ಹಾಕಿ. ಮುಂದಿನದು ಹೊಳೆಯುವ ಮೊದಲೇ ಬಾಯಿ ತೆರೆದಿದ್ದರೆ ಆ ಖಾಲಿ ಜಾಗಕ್ಕೆ ಇವು ಬಂದು ಕೂರುತ್ತವೆ. "ಹೇಳಬಾರದು" ಎಂದುಕೊಂಡರೆ ಹೋಗುವುದಿಲ್ಲ. ವಾಕ್ಯ ಮುಗಿದ ಕೂಡಲೇ ತುಟಿ ಮುಚ್ಚುವ ಅಭ್ಯಾಸ ಮಾಡಿದರೆ ತಾವಾಗಿ ಕಡಿಮೆಯಾಗುತ್ತವೆ. ನಿಮಗೆ ಯುಗದಂತೆ ತೋರುವ ಎರಡು ಸೆಕೆಂಡಿನ ಮೌನ, ಕೇಳುವವರಿಗೆ ಯೋಚಿಸಲು ಸಿಕ್ಕ ಬಿಡುವು.

ಇಂಗ್ಲಿಷಿನಲ್ಲೇ ಮಾತಾಡಬೇಕಾದರೆ

ಕನ್ನಡ ಮಾಧ್ಯಮದಲ್ಲಿ ಓದಿ ಬೆಂಗಳೂರಿನ ಕಚೇರಿಗಳಿಗೆ ಬಂದವರಲ್ಲಿ ಅನೇಕರು ತಮ್ಮ ಇಂಗ್ಲಿಷ್ ಬಗ್ಗೆ ಹೆದರುತ್ತಾರೆ. ಉಚ್ಚಾರಣೆಯೇ ಸಮಸ್ಯೆ ಎಂದುಕೊಳ್ಳುತ್ತಾರೆ. ನಿಜವಾದ ಸಮಸ್ಯೆ ಹೆಚ್ಚಾಗಿ ವೇಗ. ತಪ್ಪು ಕಾಣದಿರಲಿ ಎಂದು ಬೇಗಬೇಗ ಹೇಳಿ ಮುಗಿಸುತ್ತಾರೆ, ಆಗ ಸರಿಯಾದದ್ದೂ ತಿಳಿಯುವುದಿಲ್ಲ. ಕೇಳುವವರಿಗೆ ನಿಮ್ಮ ಊರಿನ ದನಿ ತೊಂದರೆಯಲ್ಲ, ಪದಗಳು ಒಂದರ ಮೇಲೊಂದು ಬೀಳುವುದು ತೊಂದರೆ.

ಎರಡನೇ ದಿನದ ಅಭ್ಯಾಸವನ್ನು ಮೊದಲು ಕನ್ನಡದಲ್ಲೇ ಮಾಡಿ, ವಿಚಾರದ ಕ್ರಮ ಗಟ್ಟಿಯಾಗಲಿ. ಆಮೇಲೆ ಅದನ್ನೇ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ. ನಿಮ್ಮ ಮಾತಿನಲ್ಲಿ ಮತ್ತೆ ಮತ್ತೆ ಬರುವ ಹತ್ತು ಹದಿನೈದು ಪದಗಳ ಪಟ್ಟಿ ಮಾಡಿ, ಆನ್‌ಲೈನ್ ನಿಘಂಟಿನಲ್ಲಿ ಉಚ್ಚಾರಣೆ ಕೇಳಿ, ಪ್ರತಿಯೊಂದನ್ನೂ ವಾಕ್ಯದಲ್ಲಿಟ್ಟು ಹತ್ತು ಸಲ ಹೇಳಿ. ಬಾಯಿಗೆ ಹೊಂದದ ಪದವನ್ನು ಬಿಟ್ಟು ಸುಲಭದ್ದು ಹಾಕಿ. ನಡುವೆ ಪದ ಸಿಗದಿದ್ದರೆ, ಕೋಣೆಯಲ್ಲಿ ಕನ್ನಡ ಬಲ್ಲವರೇ ಹೆಚ್ಚಿದ್ದರೆ, "ಈ ಭಾಗವನ್ನು ಕನ್ನಡದಲ್ಲಿ ಹೇಳುತ್ತೇನೆ" ಎಂದು ಹೇಳಿ ಮುಂದುವರಿಯಿರಿ. ಅನುಮತಿ ಕೇಳುವ ದನಿಯಲ್ಲಿ ಬೇಡ, ತಿಳಿಸುವ ದನಿಯಲ್ಲಿ.

ಭಯ ಬರುತ್ತದೆ, ಅದಕ್ಕೂ ಸಿದ್ಧರಾಗಿ

ಮೈ ಅಪಾಯವನ್ನು ಎದುರಿಸಲು ಸಿದ್ಧವಾಗುತ್ತಿರುವಾಗ ಅಡ್ರಿನಲಿನ್ ಏರುತ್ತದೆ. ಎದೆ ಬಡಿತ ಹೆಚ್ಚುತ್ತದೆ, ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ, ಅಂಗೈ ತಣ್ಣಗಾಗುತ್ತದೆ, ಉಸಿರು ಹೊಟ್ಟೆಯಿಂದ ಎದೆಯ ಮೇಲ್ಭಾಗಕ್ಕೆ ಬರುತ್ತದೆ. ಇದು ತಾರಕಕ್ಕೇರುವುದು ಮಾತು ಶುರುವಾಗುವ ಮುಂಚೆ ಮತ್ತು ಮೊದಲ ಒಂದು ನಿಮಿಷದಲ್ಲಿ, ಆಮೇಲೆ ಇಳಿಯತೊಡಗುತ್ತದೆ. ಆರಂಭವನ್ನು ಬಾಯಿಪಾಠ ಮಾಡಿ ಎಂದದ್ದು ಇದಕ್ಕೇ. ತಲೆ ಕೆಲಸ ಮಾಡದ ಆ ಹೊತ್ತಿನಲ್ಲಿ ನಾಲಿಗೆ ತಾನೇ ದಾರಿ ಹಿಡಿಯುತ್ತದೆ.

ನಿಮ್ಮ ಸರದಿಗೆ ಐದು ನಿಮಿಷ ಮುಂಚೆ, ಕೂತಲ್ಲೇ, ನಾಲ್ಕು ಎಣಿಸುತ್ತಾ ಮೂಗಿನಿಂದ ಉಸಿರು ತೆಗೆದುಕೊಳ್ಳಿ, ಆರು ಎಣಿಸುತ್ತಾ ಬಿಡಿ. ಹತ್ತು ಸಲ. ಎರಡು ನಿಮಿಷವೂ ಬೇಡ. ಉಸಿರು ಬಿಡುವಾಗ ಹೃದಯದ ಬಡಿತ ಸಹಜವಾಗಿಯೇ ತುಸು ನಿಧಾನವಾಗುತ್ತದೆ. ಬಿಡುವ ಉಸಿರು ಉದ್ದವಾದಷ್ಟೂ ಆ ಅನುಕೂಲ ಹೆಚ್ಚು.

ಎರಡು ಅಧ್ಯಯನಗಳು ಇಲ್ಲಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತವೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಭಾಷಣಕ್ಕೆ ಮುಂಚೆ "ನಾನು ಶಾಂತನಾಗಿದ್ದೇನೆ" ಎಂದುಕೊಂಡವರಿಗಿಂತ "ನನಗೆ ಹುರುಪು ಬಂದಿದೆ" ಎಂದು ಬಾಯಿಬಿಟ್ಟು ಹೇಳಿಕೊಂಡವರು ಚೆನ್ನಾಗಿ ಮಾತಾಡಿದರು. ಬಡಿಯುವ ಎದೆಯನ್ನು ಸುಮ್ಮನಾಗಿಸುವುದು ಕಷ್ಟ, ಅದಕ್ಕೆ ಬೇರೆ ಹೆಸರು ಕೊಡುವುದು ಸುಲಭ. ಇನ್ನೊಂದು, ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ 2003ರಲ್ಲಿ ಪ್ರಕಟಿಸಿದ್ದು. ತಾವು ಎಷ್ಟು ಹೆದರಿದಂತೆ ಕಾಣುತ್ತಿದ್ದೇವೆ ಎಂದು ಭಾಷಣಕಾರರು ಅಂದುಕೊಳ್ಳುತ್ತಾರೋ, ನೋಡುವವರಿಗೆ ಅಷ್ಟು ಕಾಣಿಸುವುದಿಲ್ಲ. ಈ ಸಂಗತಿಯನ್ನು ಮೊದಲೇ ತಿಳಿಸಿದ್ದರಿಂದಲೇ ಕೆಲವರ ಮಾತು ಸುಧಾರಿಸಿತು. ಒಳಗಿನ ನಡುಕ ಹೊರಗಿನವರಿಗೆ ಅಷ್ಟಾಗಿ ತಿಳಿಯದು, ಇದನ್ನು ನೆನಪಿಟ್ಟುಕೊಳ್ಳಿ.

"ಮಾತಿನ ಪ್ರಭಾವದಲ್ಲಿ ಪದಗಳ ಪಾಲು ಶೇ. 7 ಮಾತ್ರ, ಉಳಿದದ್ದೆಲ್ಲ ದನಿ ಮತ್ತು ಹಾವಭಾವ" ಎಂದು ತರಬೇತಿಗಳಲ್ಲಿ ಹೇಳುವುದುಂಟು. ಈ ಅಂಕಿಯ ಮೂಲವಾದ, ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳು ಬಿಡಿ ಪದ, ದನಿ, ಮುಖದ ಫೋಟೊಗಳ ಮೂಲಕ ಇಷ್ಟ–ಅನಿಷ್ಟದ ಭಾವನೆಯನ್ನು ಜನ ಹೇಗೆ ಗ್ರಹಿಸುತ್ತಾರೆ ಎಂಬುದರ ಬಗ್ಗೆ. ರಿಜೆಕ್ಷನ್ ವರದಿಗೆ ಅದು ಅನ್ವಯಿಸುವುದಿಲ್ಲ. ಇಲ್ಲಿ ವಿಷಯಕ್ಕೇ ಮೊದಲ ಜಾಗ.

ಆ ದಿನ

ಅರ್ಧ ಗಂಟೆ ಮುಂಚೆ ಕೋಣೆಗೆ ಹೋಗಿ. ಎಚ್‌ಡಿಎಂಐ ಕೇಬಲ್ ಚುಚ್ಚಿ, ವಿಂಡೋಸ್ ಕೀ ಜೊತೆ ಪಿ ಒತ್ತಿದರೆ ಪರದೆಯ ಆಯ್ಕೆಗಳು ಬರುತ್ತವೆ. ಪವರ್‌ಪಾಯಿಂಟ್‌ನಲ್ಲಿ ಎಫ್5 ಒತ್ತಿದರೆ ಮೊದಲಿನಿಂದ, ಶಿಫ್ಟ್ ಜೊತೆ ಎಫ್5 ಒತ್ತಿದರೆ ಈಗಿರುವ ಸ್ಲೈಡಿನಿಂದ ಶುರುವಾಗುತ್ತದೆ. ಮಾತಿನ ನಡುವೆ ಬಿ ಒತ್ತಿದರೆ ಪರದೆ ಕಪ್ಪಾಗಿ ಎಲ್ಲರ ಗಮನ ನಿಮ್ಮ ಕಡೆ ಬರುತ್ತದೆ, ಮತ್ತೊಮ್ಮೆ ಒತ್ತಿದರೆ ಸ್ಲೈಡ್ ವಾಪಸ್. ನಾಲ್ಕನೇ ಸ್ಲೈಡಿಗೆ ನೇರ ಹೋಗಲು 4 ಒತ್ತಿ ಎಂಟರ್ ಒತ್ತಿ. ಪ್ರಶ್ನೋತ್ತರದ ಹೊತ್ತಿಗೆ ಇದು ಬಹಳ ಅನುಕೂಲ. ಮಧ್ಯಾಹ್ನದ ಮೀಟಿಂಗ್ ಆದರೆ ಊಟ ಹಗುರವಾಗಿರಲಿ, ಬೆಚ್ಚಗಿನ ನೀರು ಪಕ್ಕದಲ್ಲಿರಲಿ.

ಹೆಸರು ಕರೆದಾಗ ಎದ್ದು ಹೋಗಿ, ಎರಡೂ ಪಾದ ಊರಿ ನಿಂತು, ಮೂರು ಸೆಕೆಂಡ್ ಎದುರಿಗಿರುವವರನ್ನು ನೋಡಿ, ಆಮೇಲೆ ಬಾಯಿ ತೆರೆಯಿರಿ. ಸಭೆ ಸಮಾರಂಭದ ಅಭ್ಯಾಸದಿಂದ ಒಬ್ಬೊಬ್ಬರನ್ನೂ ಸಂಬೋಧಿಸುತ್ತಾ ಹೋದರೆ ಒಂದು ನಿಮಿಷ ಅಲ್ಲೇ ಮುಗಿಯುತ್ತದೆ. "ನನಗೆ ಅಷ್ಟಾಗಿ ಮಾತಾಡೋಕೆ ಬರಲ್ಲ, ತಪ್ಪಿದ್ದರೆ ಕ್ಷಮಿಸಿ" ಎಂಬ ಸಾಲನ್ನು ದಯವಿಟ್ಟು ಬಿಡಿ. ಅಲ್ಲಿಯವರೆಗೆ ವಿಷಯಕ್ಕಾಗಿ ಕಾಯುತ್ತಿದ್ದವರು ಅಲ್ಲಿಂದ ತಪ್ಪು ಹುಡುಕಲು ಕೂರುತ್ತಾರೆ. ಹೀಗೆ ಶುರು ಮಾಡಿ:

"ಎಲ್ಲರಿಗೂ ನಮಸ್ಕಾರ. ಮೂರನೇ ಲೈನ್‌ನಲ್ಲಿ ಈ ತಿಂಗಳು 420 ಪೀಸ್ ರಿಜೆಕ್ಟ್ ಆಗಿವೆ. ಹೋದ ತಿಂಗಳು 240 ಇತ್ತು. ಹೆಚ್ಚಾದ 180 ಪೀಸಿನಿಂದ ನಮಗೆ 63 ಸಾವಿರ ರೂಪಾಯಿ ನಷ್ಟ. ಕಾರಣ ಸಿಕ್ಕಿದೆ. ಸರಿಮಾಡಲು ತಿಂಗಳಿಗೆ 2,700 ರೂಪಾಯಿ ಸಾಕು. ಹೇಗೆ ಎಂದು ಏಳು ನಿಮಿಷದಲ್ಲಿ ಹೇಳುತ್ತೇನೆ."

2,700 ಎಲ್ಲಿಂದ ಬಂತು ಎಂದು ಅಕೌಂಟ್ಸ್‌ನವರು ಆಗಲೇ ಯೋಚಿಸುತ್ತಿರುತ್ತಾರೆ. 250ಕ್ಕೊಮ್ಮೆ ಆದರೆ 48 ಅಂಚು, 400ಕ್ಕೊಮ್ಮೆ ಆದರೆ 30. ಹೆಚ್ಚು ಬೇಕಾದ 18 ಅಂಚಿಗೆ ₹150ರಂತೆ ₹2,700. ಈ ಲೆಕ್ಕ "ಏನು ಬೇಕು" ಭಾಗದಲ್ಲಿ ಬರುತ್ತದೆ, ಅಲ್ಲಿಯವರೆಗೆ ಅವರು ಕಿವಿ ತೆರೆದು ಕೂತಿರುತ್ತಾರೆ.

ಒಂದು ವಾಕ್ಯವನ್ನು ಒಬ್ಬರನ್ನು ನೋಡಿ ಮುಗಿಸಿ, ಮುಂದಿನ ವಾಕ್ಯಕ್ಕೆ ಇನ್ನೊಬ್ಬರ ಕಡೆ ತಿರುಗಿ. ತಲೆಯಾಡಿಸುತ್ತಾ ಕೇಳುವ ಮುಖದಿಂದ ಶುರುಮಾಡಿದರೆ ಧೈರ್ಯ ಬರುತ್ತದೆ. ಪರದೆಯ ಕಡೆ ತಿರುಗಿ ಮಾತಾಡಿದರೆ ದನಿ ಗೋಡೆಗೆ ಹೋಗುತ್ತದೆ. ಕೈಗಳು ಹೊಟ್ಟೆಯ ಮಟ್ಟದಲ್ಲಿ ಇರಲಿ, ತಮ್ಮಷ್ಟಕ್ಕೆ ಆಡಲಿ.

ನಡುವೆ ಮರೆತುಹೋದರೆ ನೀರು ಕುಡಿಯಿರಿ, ಕಾರ್ಡ್ ನೋಡಿ, ಹಿಂದಿನ ವಾಕ್ಯವನ್ನು ಇನ್ನೊಮ್ಮೆ ಹೇಳಿ. ಮುಂದಿನದು ಅದಕ್ಕೇ ಅಂಟಿಕೊಂಡು ಬರುತ್ತದೆ. ತಪ್ಪು ಅಂಕಿ ಹೇಳಿದ್ದು ಗೊತ್ತಾದರೆ "ತಿದ್ದಿಕೊಳ್ಳುತ್ತೇನೆ, 240 ಅಲ್ಲ, 420" ಎಂದು ಹೇಳಿ ಮುಂದೆ ಹೋಗಿ. ಪ್ರೊಜೆಕ್ಟರ್ ಕೈಕೊಟ್ಟರೆ ಎರಡನೇ ದಿನ ಸ್ಲೈಡ್ ಇಲ್ಲದೆ ಮಾಡಿದ ಅಭ್ಯಾಸವೇ ಕಾಪಾಡುತ್ತದೆ. ಇನ್ನು, ಹಿಂದಿನವರು ಸಮಯ ಮೀರಿದ್ದರಿಂದ "ಎರಡು ನಿಮಿಷದಲ್ಲಿ ಮುಗಿಸಿ" ಎಂಬ ಮಾತು ಆಗಾಗ ಬರುತ್ತದೆ. ಹತ್ತು ನಿಮಿಷದ್ದನ್ನು ಎರಡಕ್ಕೆ ಓಡಿಸಬೇಡಿ. ಆರಂಭದ ಅರ್ಧ ನಿಮಿಷ, ಒಂದು ಗ್ರಾಫ್, ಬೇಡಿಕೆ, ಇಷ್ಟೇ ಹೇಳಿ ಕೂತುಕೊಳ್ಳಿ. ಈ ಎರಡು ನಿಮಿಷದ ರೂಪವನ್ನೂ ಮನೆಯಲ್ಲಿ ಒಮ್ಮೆ ಹೇಳಿಕೊಂಡಿರಿ.

ಪ್ರಶ್ನೆಗಳು

ಪ್ರಶ್ನೆ ಮುಗಿಯುವವರೆಗೆ ಕೇಳಿ. ಅರ್ಧಕ್ಕೇ ಉತ್ತರ ಶುರುಮಾಡುವುದು ಭಯದ ಲಕ್ಷಣ, ಮತ್ತು ಆ ಉತ್ತರ ಎಷ್ಟೋ ಸಲ ಬೇರೆ ಪ್ರಶ್ನೆಯದ್ದಾಗಿರುತ್ತದೆ. ಮೊದಲು ಹೌದು, ಇಲ್ಲ, ಅಥವಾ ಅಂಕಿ ಹೇಳಿ, ಕಾರಣ ಆಮೇಲೆ. "ಇದಕ್ಕೆ ಆಪರೇಟರ್‌ಗಳೇ ಕಾರಣ ಇರಬಹುದಲ್ಲವೇ?" ಎಂದರೆ, "ಇಲ್ಲ ಸರ್. ಮೂರೂ ಶಿಫ್ಟ್‌ಗಳಲ್ಲಿ ಒಂದೇ ರೀತಿ ಏರಿದೆ. ಅಳತೆಯ ರಿಜಿಸ್ಟರ್‌ನಲ್ಲಿ 300ನೇ ಪೀಸಿನ ನಂತರ ವ್ಯಾಸ ಬೆಳೆಯುವುದು ಕಾಣುತ್ತದೆ." ಅಲ್ಲಿಗೆ ನಿಲ್ಲಿಸಿ. ಉತ್ತರ ಗೊತ್ತಿಲ್ಲದಿದ್ದರೆ ಊಹಿಸಬೇಡಿ. "ಆ ಅಂಕಿ ಈಗ ನನ್ನ ಹತ್ತಿರ ಇಲ್ಲ ಮೇಡಂ, ಸಂಜೆ ಐದರೊಳಗೆ ಮೇಲ್ ಮಾಡುತ್ತೇನೆ" ಎನ್ನಿ, ನಾಲ್ಕೂವರೆಗೇ ಕಳಿಸಿ. ಪ್ರಶ್ನೋತ್ತರ ಮುಗಿದ ಮೇಲೆ ಸುಮ್ಮನೆ ಕೂರದೆ ನಿಮ್ಮ ಬೇಡಿಕೆಯ ವಾಕ್ಯವನ್ನು ಮತ್ತೊಮ್ಮೆ ಹೇಳಿ. ಕೊನೆಗೆ ಕೋಣೆಯಲ್ಲಿ ಉಳಿಯುವುದು ಆ ವಾಕ್ಯವಾಗಿರಲಿ.

ಆನ್‌ಲೈನ್ ಮೀಟಿಂಗ್ ಆದರೆ ಲ್ಯಾಪ್‌ಟಾಪಿನ ಕೆಳಗೆ ಪುಸ್ತಕಗಳನ್ನಿಟ್ಟು ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕೆ ತನ್ನಿ, ಕಾರ್ಡನ್ನು ಅದರ ಪಕ್ಕದಲ್ಲೇ ಅಂಟಿಸಿ. ಇಡೀ ಸ್ಕ್ರೀನ್ ಹಂಚದೆ ಸ್ಲೈಡಿನ ವಿಂಡೋ ಮಾತ್ರ ಹಂಚಿ. ಮುಖಗಳು ಕಾಣದಿದ್ದರೆ "ಯಾರಿಗಾದರೂ ಪ್ರಶ್ನೆ ಇದೆಯಾ?" ಎಂದು ಗಾಳಿಗೆ ಕೇಳುವ ಬದಲು ಹೆಸರು ಹಿಡಿದು ಕೇಳಿ.

ಮುಂದಿನ ಸಲಕ್ಕೆ

ತಿಂಗಳಿಗೊಂದು ಪ್ರೆಸೆಂಟೇಷನ್‌ನಿಂದ ಮಾತ್ರ ಬಾಯಿ ಪಳಗುವುದು ನಿಧಾನ. ವಾರಕ್ಕೊಮ್ಮೆ ಯಾವುದಾದರೂ ಮೀಟಿಂಗ್‌ನಲ್ಲಿ ಒಂದು ಪ್ರಶ್ನೆಯನ್ನಾದರೂ ಗಟ್ಟಿಯಾಗಿ ಕೇಳಿ. ಜೊತೆಗೆ ಅಭ್ಯಾಸ ಮಾಡುವವರು ಬೇಕೆಂದರೆ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳಿವೆ. ರಾಲ್ಫ್ ಸ್ಮೆಡ್ಲಿ 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ಶುರುಮಾಡಿದ ಈ ಸಂಸ್ಥೆಯ ಕ್ಲಬ್‌ಗಳು ಬೆಂಗಳೂರಿನಲ್ಲಿ ಬಹಳಷ್ಟಿವೆ. ಐದರಿಂದ ಏಳು ನಿಮಿಷದ ಭಾಷಣಕ್ಕೆ ಐದಕ್ಕೆ ಹಸಿರು, ಆರಕ್ಕೆ ಹಳದಿ, ಏಳಕ್ಕೆ ಕೆಂಪು ದೀಪ ತೋರಿಸುತ್ತಾರೆ. ತುಂಬುಪದ ಎಣಿಸಲೆಂದೇ ಒಬ್ಬರು ಕೂತಿರುತ್ತಾರೆ. ಸದಸ್ಯರಾಗುವ ಮುಂಚೆ ಅತಿಥಿಯಾಗಿ ಹೋಗಿ ನೋಡಬಹುದು.

ಮೀಟಿಂಗ್ ಮುಗಿದ ದಿನವೇ, ನೆನಪು ಹಸಿಯಾಗಿರುವಾಗ, ಆ ರಟ್ಟಿನ ಹಿಂಬದಿಗೆ ಮೂರು ಸಾಲು ಬರೆಯಿರಿ: ಎಷ್ಟು ನಿಮಿಷ ಹಿಡಿಯಿತು, ಎಲ್ಲಿ ಸಿಕ್ಕಿಕೊಂಡಿತು, ನೀವು ಊಹಿಸಿರದ ಯಾವ ಪ್ರಶ್ನೆ ಬಂತು. ದಿನಾಂಕ ಹಾಕಿ ಡ್ರಾಯರ್‌ನಲ್ಲಿಡಿ. ಮುಂದಿನ ಸಲ ಮೊದಲ ದಿನದ ಕೆಲಸಕ್ಕೆ ಕೂತಾಗ ಮೊದಲು ಅದನ್ನು ತೆಗೆದು ಓದಿ.